ಹಿತ್ತಾಳೆ ಕೇಸಿನ ಕತ್ತು ಅಗಲಿಸಲು ಯಾವ ಲೂಬ್ ಒಳ್ಳೆಯದು?

ತೋಟಾ ರೀಲೋಡ್ ಮಾಡುವವರು, ಅಂದರೆ ಹಾರಿಸಿದ ತೋಟಾದ ಖಾಲಿ ಹಿತ್ತಾಳೆ ಕೊಳವೆಗೆ (ಕೇಸಿಗೆ) ಮತ್ತೆ ಮದ್ದು, ಗುಂಡು ತುಂಬುವವರು, ಕೇಸಿನ ಹೊರಮೈಗೆ ಲೂಬ್ (ಜಾರಿಸುವ ಲೇಪ) ಹಚ್ಚುವುದನ್ನು ಮರೆಯುವುದಿಲ್ಲ. ಮರೆತರೆ ಕೇಸು ಡೈ (ಅದನ್ನು ಹಿಂಡಿ ಅಳತೆಗೆ ತರುವ ಉಕ್ಕಿನ ಅಚ್ಚು) ಒಳಗೆ ಸಿಕ್ಕಿಕೊಳ್ಳುತ್ತದೆ, ಪಾಠ ಅವತ್ತೇ ಆಗಿಬಿಡುತ್ತದೆ. ಗುಂಡನ್ನು ಹಿಡಿಯುವ ಕತ್ತಿನ ಒಳಗಡೆ ಹಾಗಲ್ಲ. ಅಲ್ಲಿ ಲೂಬ್ ಇಲ್ಲದಿದ್ದರೂ ಕೆಲಸ ಹೇಗೋ ಮುಗಿಯುತ್ತದೆ. ಕೇಸನ್ನು ಡೈಗೆ ತಳ್ಳುವ ಪ್ರೆಸ್ಸಿನ ಹಿಡಿ ಸ್ವಲ್ಪ ಬಿಗಿಯಾಗುತ್ತದೆ, ಕೀಚ್ ಅಂತ ಸದ್ದಾಗುತ್ತದೆ, ಕೇಸು ಹೊರಗೆ ಬರುತ್ತದೆ. ಅದಕ್ಕೇ ಎಷ್ಟೋ ಜನ ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆದರೆ ಭುಜ (ಕತ್ತಿನ ಬುಡದಲ್ಲಿ ಕೇಸು ಅಗಲವಾಗುವ ಇಳಿಜಾರು) ಎಲ್ಲಿರಬೇಕು, ಕತ್ತು ಎಷ್ಟು ನೇರ ಇರಬೇಕು, ಗುಂಡನ್ನು ಎಷ್ಟು ಬಿಗಿಯಾಗಿ ಹಿಡಿಯಬೇಕು ಅನ್ನುವುದೆಲ್ಲ ಆ ಒಂದೇ ಎಳೆತದಲ್ಲಿ ಕೆಟ್ಟಿರಬಹುದು. ಗುರಿ ಚದುರಿದಾಗ ನಾವು ಮದ್ದನ್ನೋ ಗುಂಡನ್ನೋ ದೂರುತ್ತೇವೆ.

ಈ ಬರಹ ಕತ್ತಿನ ಒಳಗೆ ಹಚ್ಚುವ ಲೂಬ್ ಬಗ್ಗೆ ಮಾತ್ರ. ಮದ್ದಿನ ತೂಕ, ಪ್ರೈಮರ್ (ಮದ್ದಿಗೆ ಕಿಡಿ ಕೊಡುವ ಬುಡದ ಸಣ್ಣ ಬಟ್ಟಲು) ಆಯ್ಕೆ ಇಲ್ಲಿಲ್ಲ. ಅವಕ್ಕೆ ಮದ್ದು ಅಥವಾ ಗುಂಡು ತಯಾರಿಸಿದ ಕಂಪನಿಯ ಕೈಪಿಡಿಯನ್ನೇ ನೋಡಬೇಕು. ಉದಾಹರಣೆಗೆ ನಾನು .308 ವಿಂಚೆಸ್ಟರ್ ಇಟ್ಟುಕೊಂಡಿದ್ದೇನೆ. 1952ರಲ್ಲಿ ಮಾರುಕಟ್ಟೆಗೆ ಬಂದ ತೋಟಾ ಇದು. ಅಮೆರಿಕದಲ್ಲಿ ರೀಲೋಡ್ ಮಾಡುವ ಬಹಳಷ್ಟು ಜನರ ಬೆಂಚಿನ ಮೇಲೆ ಇದರ ಕೇಸುಗಳು ಇದ್ದೇ ಇರುತ್ತವೆ.

ಮೊದಲು ಕಾನೂನು

ಅಮೆರಿಕದಲ್ಲಿ ಸ್ವಂತ ಬಳಕೆಗೆ ರೀಲೋಡ್ ಮಾಡಲು ಫೆಡರಲ್ ಲೈಸೆನ್ಸ್ ಬೇಕಿಲ್ಲ. ಮಾರುವ ವ್ಯಾಪಾರಕ್ಕೆ ಇಳಿದರೆ ಬೇಕು. ಆದರೆ ಅಲ್ಲಿರುವ ನಮ್ಮವರು ಒಂದು ವಿಷಯವನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಎಚ್-1ಬಿ ಥರದ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕು ಮತ್ತು ತೋಟಾ ಇಟ್ಟುಕೊಳ್ಳುವಂತಿಲ್ಲ ಎಂದು ಫೆಡರಲ್ ಕಾನೂನು ಹೇಳುತ್ತದೆ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ, ಹೀಗೆ ಕೆಲವರಿಗೆ ಮಾತ್ರ ವಿನಾಯಿತಿ ಇದೆ. ಆ ಕಾನೂನಿನ ಲೆಕ್ಕದಲ್ಲಿ ಖಾಲಿ ಕೇಸು, ಪ್ರೈಮರ್, ಗುಂಡು, ಮದ್ದು ಬಿಡಿಬಿಡಿಯಾಗಿ ಇದ್ದರೂ ತೋಟಾ ಅಂತಲೇ ಅರ್ಥ. ‘ಬರೀ ಹಿತ್ತಾಳೆ ತಾನೇ’ ಅಂತ ಗೆಳೆಯನ ಕೇಸುಗಳನ್ನು ಮನೆಗೆ ತಂದಿಟ್ಟುಕೊಳ್ಳುವ ಮೊದಲು ಯೋಚಿಸಿ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ. ರಾಜ್ಯದ ಕಾನೂನು ಬೇರೆ ಇರುತ್ತದೆ, ಅದನ್ನೂ ನೋಡಿಕೊಳ್ಳಿ.

ಭಾರತದಲ್ಲಿ ಲೈಸೆನ್ಸ್ ಇಲ್ಲದೆ ಮನೆಯಲ್ಲಿ ತೋಟಾ ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಅಪರಾಧ. ಕೊಡಗಿನಲ್ಲಿ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವ ವಿಷಯದ್ದು. ತೋಟಾ ತಯಾರಿಸಲು ಅದು ಒಪ್ಪಿಗೆ ಅಲ್ಲ. ಊರಿನಲ್ಲಿರುವವರು ಇದನ್ನು ತಿಳುವಳಿಕೆಗಾಗಿ ಓದಿ, ಮಾಡಲು ಹೋಗಬೇಡಿ.

ಕತ್ತಿನೊಳಗೆ ಏನು ನಡೆಯುತ್ತದೆ

ತೋಟಾದ ಹಿತ್ತಾಳೆಯಲ್ಲಿ ಹೆಚ್ಚುಕಡಿಮೆ 70 ಪಾಲು ತಾಮ್ರ, 30 ಪಾಲು ಸತು ಇರುತ್ತದೆ. ಮೆತ್ತಗಿನ ಲೋಹ ಇದು, ಆದರೆ ಬಗ್ಗಿಸಿದಷ್ಟೂ ಗಟ್ಟಿಯಾಗುತ್ತಾ ಹೋಗುತ್ತದೆ. ಗುಂಡು ಹಾರಿದಾಗ ಕತ್ತು ಹಿಗ್ಗಿ ಚೇಂಬರ್ (ಬಂದೂಕಿನಲ್ಲಿ ತೋಟಾ ಕೂರುವ ಜಾಗ) ಗೋಡೆಗೆ ಒತ್ತಿಕೊಳ್ಳುತ್ತದೆ. ಸೈಜಿಂಗ್ ಡೈ ಅದನ್ನು ಹೊರಗಿನಿಂದ ಹಿಂಡಿ ಸಣ್ಣ ಮಾಡುತ್ತದೆ. ಎಲ್ಲರ ಕೇಸಿನ ಗೋಡೆಯೂ ಒಂದೇ ದಪ್ಪ ಇರುವುದಿಲ್ಲವಲ್ಲ, ಅದಕ್ಕೆ ಮಾಮೂಲಿ ಡೈಗಳು ಬೇಕಾದದ್ದಕ್ಕಿಂತ ಜಾಸ್ತಿಯೇ ಹಿಂಡುತ್ತವೆ. ಆಮೇಲೆ ಒಳಗಿನಿಂದ ಮತ್ತೆ ಅಗಲಿಸಬೇಕು. ಈ ಅಗಲಿಸುವ ಕೆಲಸಕ್ಕೆ ಎರಡು ಸಾಧನಗಳಿವೆ.

ಒಂದು, ಡೈ ಒಳಗಿನ ಕಡ್ಡಿಗೆ ಸಿಕ್ಕಿಸಿರುವ ಎಕ್ಸ್‌ಪ್ಯಾಂಡರ್ ಬಾಲ್. ಕೇಸು ಕೆಳಗಿಳಿಯುವಾಗ ಈ ಬಾಲ್ ಕತ್ತಿನ ಒಳಗಿನಿಂದ ಬಾಯಿಯ ಕಡೆಗೆ ಎಳೆದುಕೊಂಡು ಬರುತ್ತದೆ. ಇನ್ನೊಂದು, ಬೇರೆ ಡೈನಲ್ಲಿ ಕೂರಿಸುವ ಮ್ಯಾಂಡ್ರೆಲ್. ನುಣುಪಾದ ಉಕ್ಕಿನ ಕಡ್ಡಿ ಇದು. ಕೇಸು ಮೇಲೇರುವಾಗ ಬಾಯಿಯಿಂದ ಒಳಗೆ ತಳ್ಳಿಕೊಂಡು ಹೋಗುತ್ತದೆ.

ಇವೆರಡರ ವ್ಯತ್ಯಾಸವೇ ಲೂಬ್ ಆಯ್ಕೆಯ ಮೂಲ. ಬಾಲ್ ಎಳೆಯುತ್ತದೆ. ಒಳಗೆ ಒಣಗಿದ್ದರೆ ಅದು ಕತ್ತನ್ನೂ ಭುಜವನ್ನೂ ತನ್ನ ಜೊತೆ ಮೇಲಕ್ಕೆ ಎಳೆಯುತ್ತದೆ. ಡೈ ಹಿಂದಕ್ಕೆ ಒತ್ತಿಟ್ಟ ಭುಜ ಮತ್ತೆ ಮುಂದೆ ಬಂದು ಬೋಲ್ಟ್ (ಚೇಂಬರ್ ಹಿಂಬದಿಯನ್ನು ಮುಚ್ಚುವ ಅಗುಳಿ) ಮುಚ್ಚುವುದು ಕಷ್ಟವಾಗಬಹುದು, ಕತ್ತು ಒಂದು ಪಕ್ಕಕ್ಕೆ ವಾಲಬಹುದು. ಮ್ಯಾಂಡ್ರೆಲ್ ತಳ್ಳುವಾಗ ಕೇಸಿನ ಮೈ ಆಸರೆಯಾಗಿ ನಿಲ್ಲುತ್ತದೆ, ಅಷ್ಟೊಂದು ಹಾನಿ ಆಗುವುದಿಲ್ಲ. ಆದರೂ ಉಕ್ಕಿಗೆ ಹಿತ್ತಾಳೆ ಉಜ್ಜಿದಾಗ ಹಿತ್ತಾಳೆಯ ಪದರ ಉಕ್ಕಿಗೆ ಮೆತ್ತಿಕೊಳ್ಳುತ್ತದೆ. ಒಮ್ಮೆ ಮೆತ್ತಿತು ಅಂದರೆ ಅದೇ ಮುಂದಿನ ಕೇಸಿನ ಕತ್ತನ್ನು ಗೀರುತ್ತದೆ.

ಕೈಗೆ ಸೋಪು ಹಚ್ಚಿ ಬಳೆ ತೊಡಿಸುವುದನ್ನು ನೋಡಿದ್ದೀರಲ್ಲ, ಇಲ್ಲಿ ಲೂಬ್ ಮಾಡುವುದೂ ಅದನ್ನೇ. ಬಳೆಯ ಅಳತೆ ಬದಲಾಗುವುದಿಲ್ಲ, ಚರ್ಮ ಎಳೆದುಕೊಂಡು ಹೋಗದೆ ದಾಟುತ್ತದೆ ಅಷ್ಟೇ.

ಹಾಗಾಗಿ ಲೂಬ್ ಆರಿಸುವಾಗ ಜನ ಸಾಮಾನ್ಯವಾಗಿ ಕೇಳುವ ‘ಯಾವುದು ಜಾಸ್ತಿ ಜಾರುತ್ತದೆ’ ಅನ್ನುವ ಪ್ರಶ್ನೆ ನನಗೆ ಅಷ್ಟು ಮುಖ್ಯ ಅನ್ನಿಸುವುದಿಲ್ಲ. ಪ್ರತಿ ಕೇಸಿನಲ್ಲೂ ಒಂದೇ ಥರ ಜಾರುತ್ತದಾ? ಕೆಲಸ ಮುಗಿದ ಮೇಲೆ ಒಳಗೆ ಏನು ಉಳಿಯುತ್ತದೆ? ಈ ಎರಡಕ್ಕೆ ಉತ್ತರ ಸಿಕ್ಕರೆ ಲೂಬ್ ತಾನಾಗಿಯೇ ಆಯ್ಕೆಯಾಗುತ್ತದೆ.

ಹಂತ 1: ನಿಮ್ಮ ಕೇಸು ಎಷ್ಟು ಸ್ವಚ್ಛವಾಗಿದೆ ನೋಡಿ

ಲೂಬ್ ಡಬ್ಬಿ ಕೊಳ್ಳುವ ಮೊದಲು ಕೇಸುಗಳನ್ನು ಹೇಗೆ ತೊಳೆಯುತ್ತೀರಿ ಅಂತ ಯೋಚಿಸಿ.

ಜೋಳದ ದಿಂಡಿನ ಪುಡಿಯಲ್ಲೋ ಅಕ್ರೋಟು ಸಿಪ್ಪೆಯ ಪುಡಿಯಲ್ಲೋ ಒಣ ಟಂಬ್ಲಿಂಗ್ ಮಾಡಿದರೆ (ಯಂತ್ರದಲ್ಲಿ ಹೊರಳಾಡಿಸಿ ಉಜ್ಜಿದರೆ) ಹೊರಗೆ ಹೊಳಪು ಬರುತ್ತದೆ, ಕತ್ತಿನ ಒಳಗೆ ಮಸಿಯ ತೆಳು ಪದರ ಉಳಿದಿರುತ್ತದೆ. ಆ ಮಸಿಯೇ ಒಂದು ಒಣ ಲೂಬ್. ನೈಲಾನ್ ಬ್ರಷ್ ಒಂದೆರಡು ಸಲ ಆಡಿಸಿ ಸಡಿಲ ಧೂಳು ತೆಗೆದರೆ ಸಾಕು, ಪದರವನ್ನು ಕೆರೆದು ತೆಗೆಯಬೇಡಿ. ಎಷ್ಟೋ ಗುರಿಕಾರರು ಬೇಕಂತಲೇ ಇದನ್ನು ಉಳಿಸಿಕೊಳ್ಳುತ್ತಾರೆ.

ಸ್ಟೀಲ್ ಪಿನ್ ಹಾಕಿ ನೀರಿನಲ್ಲಿ ಟಂಬ್ಲಿಂಗ್ ಮಾಡಿದರೆ ಕೇಸು ಹೊಸದರ ಥರ ಕಾಣುತ್ತದೆ. ಒಳಗಡೆ ಮಸಿ ಚೂರೂ ಇರುವುದಿಲ್ಲ. ಕಣ್ಣಿಗೆ ಚೆಂದ, ಆದರೆ ಎಕ್ಸ್‌ಪ್ಯಾಂಡರ್‌ಗೆ ಅದರಷ್ಟು ಅಂಟುವ ಕತ್ತು ಬೇರೆ ಇಲ್ಲ. ಈ ದಾರಿ ಹಿಡಿದವರಿಗೆ ಒಳಗಿನ ಲೂಬ್ ಕಡ್ಡಾಯ ಅಂತಲೇ ಹೇಳುತ್ತೇನೆ. ಅಲ್ಟ್ರಾಸಾನಿಕ್ ಯಂತ್ರದಲ್ಲಿ ಚೆನ್ನಾಗಿ ತೊಳೆದ ಕೇಸಿಗೂ ಇದೇ ಮಾತು. ಹೊಸ ಕೇಸು, ಅನೀಲ್ ಮಾಡಿ (ಕಾಯಿಸಿ ಮೆತ್ತಗೆ ಮಾಡಿ) ತೊಳೆದ ಕೇಸು ಇವೂ ಹೀಗೆಯೇ.

ತೊಳೆಯುವ ವಿಷಯ ಬಂತಲ್ಲ, ಒಂದು ಎಚ್ಚರಿಕೆ. ಅಮೋನಿಯಾ ಇರುವ ಯಾವ ಪಾಲಿಶನ್ನೂ ಕೇಸಿಗೆ ಹಚ್ಚಬೇಡಿ. ಇದು ಕಲಿತದ್ದು ನಮ್ಮ ದೇಶದ ನೆಲದಲ್ಲೇ. ಬ್ರಿಟಿಷ್ ಭಾರತದ ಸೈನ್ಯದಲ್ಲಿ ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇಟ್ಟ ತೋಟಾಗಳ ಹಿತ್ತಾಳೆ ತಾನಾಗಿಯೇ ಬಿರುಕು ಬಿಡುತ್ತಿತ್ತು. ಕುದುರೆಯ ಉಚ್ಚೆಯಿಂದ ಏಳುವ ಅಮೋನಿಯಾ, ಹಿತ್ತಾಳೆಯಲ್ಲಿ ತಯಾರಿಕೆಯ ಕಾಲದಿಂದಲೇ ಉಳಿದಿದ್ದ ಒಳಬಿಗಿತ, ಈ ಎರಡೂ ಸೇರಿ ಹಾಗಾಗುತ್ತದೆ ಎಂದು 1921ರಲ್ಲಿ ಮೂರ್, ಬೆಕಿನ್‌ಸೇಲ್ ಮತ್ತು ಮ್ಯಾಲಿನ್ಸನ್ ಎಂಬ ಸಂಶೋಧಕರು ವಿವರಿಸಿದರು. ನಾವು ಹಿಂಡಿ ಅಗಲಿಸುವ ಕತ್ತಿನಲ್ಲೂ ಅಂಥದ್ದೇ ಒಳಬಿಗಿತ ತುಂಬಿರುತ್ತದೆ. ಡಬ್ಬಿಯ ಮೇಲೆ ಅಮೋನಿಯಾ ಅಂತ ಬರೆದಿದ್ದರೆ ಅದನ್ನು ಬೆಂಚಿನ ಹತ್ತಿರವೂ ತರಬೇಡಿ.

ಹಂತ 2: ಎಷ್ಟು ಅಗಲಿಸುತ್ತಿದ್ದೀರಿ?

.308ರ ಗುಂಡಿನ ಅಡ್ಡಳತೆ 0.308 ಇಂಚು. ಗುಂಡು ಬಿಗಿಯಾಗಿ ಕೂರಬೇಕಾದರೆ ಕತ್ತಿನ ಒಳಅಳತೆ ಅದಕ್ಕಿಂತ ಚೂರು ಸಣ್ಣದಿರಬೇಕು. ಇಂಚಿನ ಸಾವಿರದಲ್ಲಿ ಒಂದು ಪಾಲನ್ನು ಇಲ್ಲಿ ಥೌ ಅಂತ ಕರೆಯೋಣ. ಬಹಳ ಜನ ಎರಡು ಥೌ ಆಸುಪಾಸಿನ ಬಿಗಿ ಇಟ್ಟುಕೊಳ್ಳುತ್ತಾರೆ, ಅದಕ್ಕೆ 0.306 ಇಂಚಿನ ಮ್ಯಾಂಡ್ರೆಲ್ ಬಳಸುತ್ತಾರೆ. ಮ್ಯಾಂಡ್ರೆಲ್ ಹೊರಬಂದ ಮೇಲೆ ಹಿತ್ತಾಳೆ ಸ್ವಲ್ಪ ಹಿಂದಕ್ಕೆ ಮುದುಡಿಕೊಳ್ಳುತ್ತದೆ, ಅರ್ಧ ಥೌನಿಂದ ಒಂದು ಥೌವರೆಗೆ. ಕತ್ತು ಗಟ್ಟಿಯಾದಷ್ಟೂ ಇದು ಜಾಸ್ತಿ.

ಇಂಥ ಸಣ್ಣ ಅಗಲಿಕೆಗೆ ಒಣ ಲೂಬ್ ಸಾಕು. ಬುಶಿಂಗ್ ಡೈ (ಬೇಕಾದ ಅಳತೆಯ ಉಂಗುರ ಹಾಕಿ ಕತ್ತನ್ನು ಹಿಂಡುವ ಡೈ) ಬಳಸಿ ಮೊದಲೇ ಹಿಂಡುವುದನ್ನು ಕಡಿಮೆ ಮಾಡಿದ್ದರೆ ಮ್ಯಾಂಡ್ರೆಲ್‌ಗೆ ಒಂದೆರಡು ಥೌ ಕೆಲಸವಷ್ಟೇ ಇರುತ್ತದೆ, ಆಗಂತೂ ಒಣ ಲೂಬ್ ಬಿಟ್ಟು ಬೇರೆ ಯೋಚನೆಯೇ ಬೇಡ.

ಮಾಮೂಲಿ ಡೈ ಜಾಸ್ತಿ ಹಿಂಡಿ, ಬಾಲ್ ಅದನ್ನು ಎಳೆದು ಅಗಲಿಸುವುದಾದರೆ ಶ್ರಮ ಹೆಚ್ಚು. ಅಲ್ಲಿ ಮೇಣದ ಥರದ ಲೂಬ್ ಒಂಚೂರು ತಾಗಿದರೆ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ.

ಒಂದು ಕೇಸನ್ನು ಇನ್ನೊಂದು ಕ್ಯಾಲಿಬರ್‌ಗೆ (ಗುಂಡಿನ ಅಡ್ಡಳತೆಗೆ) ಬದಲಾಯಿಸುವ ಕೆಲಸವೇ ಬೇರೆ. .30-06 ಕೇಸಿನ ಕತ್ತನ್ನು ಅಗಲಿಸಿ .35 ವೀಲನ್ ಮಾಡುವುದು ಇದರ ಹಳೆಯ ಉದಾಹರಣೆ, 1922ರಿಂದ ನಡೆದು ಬಂದದ್ದು. 0.308ರಿಂದ 0.358ಕ್ಕೆ, ಅಂದರೆ 50 ಥೌ ದೂರ. ಇಲ್ಲಿ ಒಣ ಪುಡಿ ನಂಬಿಕೊಂಡರೆ ಕತ್ತು ಸೀಳುತ್ತದೆ ಅಥವಾ ಭುಜ ಕುಸಿಯುತ್ತದೆ. ಮೊದಲು ಕತ್ತನ್ನು ಅನೀಲ್ ಮಾಡಿ ಮೆತ್ತಗೆ ಮಾಡಬೇಕು, ತುದಿ ಚೂಪಾಗಿ ಇಳಿಜಾರು ಇರುವ ಎಕ್ಸ್‌ಪ್ಯಾಂಡರ್ ಬೇಕು, ಒಳಗೆ ಸೈಜಿಂಗ್ ಮೇಣವನ್ನೇ ಹಚ್ಚಬೇಕು. ನಡುವೆ .338ರ ಎಕ್ಸ್‌ಪ್ಯಾಂಡರ್ ಹಾಕಿ ಎರಡು ಹೆಜ್ಜೆಯಲ್ಲಿ ಮಾಡಿದರೆ ಇನ್ನೂ ಒಳ್ಳೆಯದು. ಹೀಗೆ ಅಗಲಿಸಿದ ಕೇಸು ಸ್ವಲ್ಪ ಗಿಡ್ಡ ಆಗುತ್ತದೆ, ಆಮೇಲೆ ಉದ್ದ ಅಳೆಯುವುದನ್ನು ಮರೆಯಬೇಡಿ.

ಹಂತ 3: ಯಾವ ಯಾವ ಲೂಬ್ ಇದೆ

ಗ್ರಾಫೈಟ್‌ನಿಂದ ಶುರು ಮಾಡುತ್ತೇನೆ, ಏಕೆಂದರೆ ಕತ್ತಿನ ಒಳಗಿನ ಕೆಲಸಕ್ಕೆ ನನ್ನ ಮೊದಲ ಆಯ್ಕೆ ಅದೇ. ಪೆನ್ಸಿಲ್ ಕಡ್ಡಿಯಲ್ಲಿರುವ ಅದೇ ಕಪ್ಪು ವಸ್ತು, ನುಣ್ಣಗಿನ ಪುಡಿಯಾಗಿ ಸಿಗುತ್ತದೆ. ಇಂಪೀರಿಯಲ್ ಹೆಸರಿನ ಡ್ರೈ ನೆಕ್ ಲೂಬ್ ಈ ಜಾತಿಯದ್ದು. ಗ್ರಾಫೈಟ್‌ನ ದೊಡ್ಡ ಗುಣ ಎಂದರೆ ಅದನ್ನು ತೊಳೆಯಬೇಕಿಲ್ಲ. ಒಳಗೆ ಉಳಿದರೂ ಮದ್ದಿಗೆ ತೊಂದರೆ ಇಲ್ಲ. ಹೊಗೆರಹಿತ ಮದ್ದಿನ ಕಾಳುಗಳಿಗೆ ಕಾರ್ಖಾನೆಯಲ್ಲೇ ಗ್ರಾಫೈಟ್ ಲೇಪ ಕೊಟ್ಟಿರುತ್ತಾರೆ, ಸರಾಗವಾಗಿ ಸುರಿಯಲಿ, ಸ್ಟ್ಯಾಟಿಕ್ ಕರೆಂಟ್ ಕೂಡದಿರಲಿ ಅಂತ. ಅಂದಮೇಲೆ ಕತ್ತಿನಲ್ಲಿ ಉಳಿದ ಚೂರು ಹೊಸದೇನನ್ನೂ ಸೇರಿಸುವುದಿಲ್ಲ. ಜೊತೆಗೆ, ಗುಂಡು ಕೂರಿಸುವಾಗಲೂ ಅದೇ ಪದರ ಕೆಲಸಕ್ಕೆ ಬರುತ್ತದೆ. ಪಿನ್ ಟಂಬ್ಲಿಂಗ್ ಮಾಡಿದ ಬೋಳು ಕತ್ತಿನಲ್ಲಿ ಗುಂಡು ಒಂದು ಕೇಸಿನಲ್ಲಿ ಹಗುರಾಗಿ, ಇನ್ನೊಂದರಲ್ಲಿ ಬಿಗಿಯಾಗಿ ಕೂರುತ್ತದಲ್ಲ, ಆ ಏರುಪೇರು ಕಡಿಮೆಯಾಗುತ್ತದೆ.

ಇದರ ಕಷ್ಟ ಎಂದರೆ ಕೈ, ಬೆಂಚು, ಬಟ್ಟೆ ಎಲ್ಲ ಕಪ್ಪು. ಗ್ರಾಫೈಟ್ ವಿದ್ಯುತ್ ಹರಿಸುತ್ತದೆ, ಹಾಗಾಗಿ ಎಲೆಕ್ಟ್ರಾನಿಕ್ ತಕ್ಕಡಿಯ ಹತ್ತಿರ ಅದರ ಡಬ್ಬಿ ತೆರೆಯಬೇಡಿ. ಇನ್ನೊಂದು ಗುಣ ಕಡಿಮೆ ಜನರಿಗೆ ಗೊತ್ತು. ಗ್ರಾಫೈಟ್ ಜಾರಬೇಕಾದರೆ ಗಾಳಿಯಲ್ಲಿ ಒಂಚೂರು ತೇವ ಬೇಕು. ಎರಡನೇ ಮಹಾಯುದ್ಧದ ಕಾಲದಲ್ಲಿ ತುಂಬಾ ಎತ್ತರದಲ್ಲಿ ಹಾರುವ ವಿಮಾನಗಳ ಜನರೇಟರ್‌ನ ಕಾರ್ಬನ್ ಬ್ರಷ್‌ಗಳು ಬೇಗ ಸವೆದುಹೋಗುತ್ತಿದ್ದುದು ಅಲ್ಲಿನ ಒಣ ಗಾಳಿಯಿಂದಲೇ. ಮನೆಯ ಬೆಂಚಿನ ಮೇಲೆ ಅಷ್ಟು ಒಣಗುವುದಿಲ್ಲ, ಗಾಬರಿ ಬೇಡ.

ಇದೇ ಗ್ರಾಫೈಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಕಲಸಿದ ದ್ರವವೂ ಸಿಗುತ್ತದೆ, ನಿಯೋಲೂಬ್ ಅಂಥದ್ದು. ಹತ್ತಿ ಕಡ್ಡಿಯಲ್ಲಿ ಕತ್ತಿನೊಳಗೆ ಸವರಿದರೆ ಆಲ್ಕೋಹಾಲ್ ಆರಿ ತೆಳು ಪದರ ಉಳಿಯುತ್ತದೆ. ಪುಡಿಗಿಂತ ಸಮನಾಗಿ ಕೂರುತ್ತದೆ. ಸಮಯ ಮಾತ್ರ ಜಾಸ್ತಿ ಹಿಡಿಯುತ್ತದೆ, ನೂರಾರು ಕೇಸು ಇದ್ದರೆ ಬೇಸರವಾಗುತ್ತದೆ. ದೂರದ ಗುರಿಗೆ ಅಂತ ಐವತ್ತು ಕೇಸನ್ನು ಆರೈಕೆಯಿಂದ ಮಾಡುವವರಿಗೆ ಇದು ಸರಿ.

ಅಭ್ರಕದ ಪುಡಿ, ಅದೇ ಕಾಗೆಬಂಗಾರ, ಹಳೆಯ ಕಾಲದಿಂದ ಬಂದದ್ದು. ಬಿಳಿ ಪುಡಿ, ಕೈ ಕೊಳೆಯಾಗುವುದಿಲ್ಲ. ಗ್ರಾಫೈಟ್‌ನಷ್ಟು ಜಾರುವುದಿಲ್ಲ, ಆದರೆ ಮಸಿ ಇರುವ ಕತ್ತಿಗೆ ಧಾರಾಳ ಸಾಕು. ಇದರ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಮುಖಕ್ಕೆ ಮಾಸ್ಕ್ ಇರಲಿ.

ಮೇಣದ ಜಾತಿಯಲ್ಲಿ ಇಂಪೀರಿಯಲ್ ಸೈಜಿಂಗ್ ಡೈ ವ್ಯಾಕ್ಸ್ ಹೆಸರುವಾಸಿ. ಬೆರಳ ತುದಿಗೆ ತಾಗಿಸಿದಷ್ಟೇ ಸಾಕು, ಒಂದು ಸಣ್ಣ ಡಬ್ಬಿ ವರ್ಷಗಟ್ಟಲೆ ಬರುತ್ತದೆ. ಒತ್ತಡ ತಡೆಯುವ ಶಕ್ತಿಯಲ್ಲಿ ಇದರ ಮುಂದೆ ಪುಡಿಗಳು ನಿಲ್ಲುವುದಿಲ್ಲ. ಆದರೆ ಕತ್ತಿನೊಳಗೆ ಹಚ್ಚಿದರೆ ತೆಗೆಯಲೇಬೇಕು. ಅಂಟಿನಂತೆ ಉಳಿದ ಮೇಣಕ್ಕೆ ಮದ್ದಿನ ಕಾಳು ಹತ್ತುತ್ತದೆ, ಗುಂಡಿನ ಹಿಡಿತವೂ ಒಂದೊಂದು ಕೇಸಿನಲ್ಲಿ ಒಂದೊಂದು ಥರ ಆಗುತ್ತದೆ.

ಲ್ಯಾನೋಲಿನ್ ಸ್ಪ್ರೇ ಮನೆಯಲ್ಲೇ ಮಾಡಿಕೊಳ್ಳಬಹುದು. ಲ್ಯಾನೋಲಿನ್ ಅಂದರೆ ಕುರಿ ಉಣ್ಣೆಯಿಂದ ತೆಗೆಯುವ ಮೇಣ. ಒಂದು ಪಾಲು ದ್ರವ ಲ್ಯಾನೋಲಿನ್‌ಗೆ ಹತ್ತರಿಂದ ಹನ್ನೆರಡು ಪಾಲು 99 ಶೇಕಡದ ಐಸೊಪ್ರೊಪೈಲ್ ಆಲ್ಕೋಹಾಲ್ ಸೇರಿಸಿ ಕುಲುಕಬೇಕು. ಔಷಧಿ ಅಂಗಡಿಯ 70 ಶೇಕಡದ ಆಲ್ಕೋಹಾಲ್‌ನಲ್ಲಿ ನೀರು ಜಾಸ್ತಿ, ಸರಿಯಾಗಿ ಬೆರೆಯದೆ ಒಡೆದು ನಿಲ್ಲುತ್ತದೆ. ಲ್ಯಾನೋಲಿನ್ ಗಟ್ಟಿಯಾಗಿದ್ದರೆ ಅದರ ಬಾಟಲಿಯನ್ನಷ್ಟೇ ಬಿಸಿ ನೀರಿನಲ್ಲಿ ಇಡಿ. ಆಲ್ಕೋಹಾಲನ್ನು ಯಾವ ಕಾರಣಕ್ಕೂ ಒಲೆಯ ಮೇಲೆ ಇಡಬೇಡಿ, ಅದರ ಆವಿ ಮಾಮೂಲಿ ಕೋಣೆಯ ಬಿಸಿಯಲ್ಲೇ ಕಿಡಿ ತಾಗಿದರೆ ಹತ್ತಿಕೊಳ್ಳುತ್ತದೆ. ಕಿಟಕಿ ತೆರೆದಿಡಿ. ಈ ಸ್ಪ್ರೇಯ ಲಾಭ ಎಂದರೆ ಹೊರಮೈ, ಕತ್ತಿನ ಒಳಗು ಎರಡೂ ಒಂದೇ ಸಲಕ್ಕೆ ಆಗುತ್ತದೆ. ಬಾಲ್ ಇರುವ ಡೈ ಬಳಸಿ ರಾಶಿ ಕೇಸು ಮಾಡುವವರಿಗೆ ನಾನು ಇದನ್ನೇ ಹೇಳುವುದು.

ಡಬ್ಬಿಯಲ್ಲಿ ಬರುವ ಹಾರ್ನಡಿ ಒನ್ ಶಾಟ್ ಥರದ ಸ್ಪ್ರೇಗಳು, ಲೀ ಕಂಪನಿಯ ಟ್ಯೂಬಿನ ಬಿಳಿ ಲೂಬ್ ಇವೂ ಕೆಲಸ ಮಾಡುತ್ತವೆ. ಲೀ ಲೂಬ್ ನೀರಿನಲ್ಲಿ ಕರಗುತ್ತದೆ, ತೊಳೆಯುವುದು ಸುಲಭ. ಸ್ಪ್ರೇ ವಿಷಯದಲ್ಲಿ ತಾಳ್ಮೆ ಇಲ್ಲದವರೇ ಕೇಸು ಸಿಕ್ಕಿಸಿಕೊಳ್ಳುತ್ತಾರೆ. ಹೊಡೆದ ಮೇಲೆ ಅದರಲ್ಲಿರುವ ದ್ರಾವಕ ಪೂರ್ತಿ ಆರಬೇಕು.

ಇನ್ನು ಬೇಡವಾದದ್ದು. ಡಬ್ಲ್ಯುಡಿ-40, ಹೊಲಿಗೆ ಯಂತ್ರದ ಎಣ್ಣೆ, ಅಡುಗೆ ಎಣ್ಣೆ, ಗಾಡಿಯ ಗ್ರೀಸ್ ಇವನ್ನು ಕತ್ತಿನೊಳಗೆ ಬಳಸಬೇಡಿ. ತೆಳು ಎಣ್ಣೆ ಈ ಒತ್ತಡಕ್ಕೆ ನಿಲ್ಲುವುದಿಲ್ಲ, ಪಕ್ಕಕ್ಕೆ ಸರಿದುಬಿಡುತ್ತದೆ. ಸಂದಿಗೆ ಇಳಿಯುವುದೇ ಅದರ ಗುಣ, ಹಾಗಾಗಿ ಮದ್ದಿನ ಕಡೆಗೂ ಪ್ರೈಮರ್ ಕಡೆಗೂ ಹರಿಯುವ ಭಯ ಇದೆ.

ಹಂತ 4: ಹಚ್ಚುವ ಕ್ರಮ

ಹಾರಿಸಿದ ಕೇಸಿನಲ್ಲಿ, ಟಂಬ್ಲರ್ ಧೂಳಿನಲ್ಲಿ ಪ್ರೈಮರ್‌ನಿಂದ ಬಂದ ಸೀಸ ಇರುತ್ತದೆ. ಕೈಗವಸು ಹಾಕಿಕೊಳ್ಳಿ, ಬೆಂಚಿನ ಹತ್ತಿರ ಕಾಫಿ ಕುರುಕಲು ಇಟ್ಟುಕೊಳ್ಳಬೇಡಿ, ಮಕ್ಕಳನ್ನು ದೂರ ಇಡಿ. ಕಣ್ಣಿಗೆ ಕನ್ನಡಕ ಇರಲಿ.

ಗ್ರಾಫೈಟ್ ಪುಡಿಗೆ ಒಂದು ಸಣ್ಣ ಡಬ್ಬಿಯಲ್ಲಿ ಸೆರಾಮಿಕ್ ಮಣಿ ತುಂಬಿ ಚಿಟಿಕೆ ಪುಡಿ ಬೆರೆಸಿಡುತ್ತಾರೆ. ಸೈಜ್ ಮಾಡಿ ಹೊರಮೈ ಒರೆಸಿದ ಕೇಸಿನ ಕತ್ತನ್ನು ಬಾಯಿ ಕೆಳಗಾಗಿ ಆ ಮಣಿಗಳೊಳಗೆ ಒಮ್ಮೆ ಅದ್ದಿ, ತಿರುಗಿಸಿ, ಮೇಲೆತ್ತಿ ಡಬ್ಬಿಯ ಅಂಚಿಗೆ ತಟ್ಟಿ. ಮಣಿಗಳು ಪುಡಿಯನ್ನು ತೆಳ್ಳಗೆ ಸವರುತ್ತವೆ. ಮಣಿ ಒಳಗೆ ಉಳಿದಿಲ್ಲ ಅಂತ ನೋಡಿ. ಆಮೇಲೆ ನೇರ ಮ್ಯಾಂಡ್ರೆಲ್‌ಗೆ. ಹಿಡಿಯನ್ನು ನಿಧಾನವಾಗಿ, ಒಂದೇ ವೇಗದಲ್ಲಿ ಎಳೆಯಿರಿ. ಒಳಗೆ ಹೋದ ಮೇಲೆ ಒಂದು ಕ್ಷಣ ನಿಲ್ಲಿಸಿ ಹೊರಗೆ ತನ್ನಿ. ಪ್ರತಿ ಕೇಸಿಗೂ ಇದನ್ನೇ ಮಾಡಿದರೆ ಹಿತ್ತಾಳೆ ಹಿಂದಕ್ಕೆ ಮುದುಡುವುದೂ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ.

ಅಭ್ರಕಕ್ಕೆ ನೈಲಾನ್ ಬ್ರಷ್. ಕ್ಯಾಲಿಬರ್‌ಗೆ ಸರಿಹೊಂದುವ ಬ್ರಷ್ಷನ್ನು ಪುಡಿಯಲ್ಲಿ ಹೊರಳಿಸಿ, ಕೊಡವಿ, ಕತ್ತಿನೊಳಗೆ ಒಂದು ಸುತ್ತು ತಿರುಗಿಸಿದರೆ ಆಯಿತು.

ಮೇಣವನ್ನು ಹತ್ತಿ ಕಡ್ಡಿಯ ತುದಿಗೆ ತಾಗಿಸಿ ಬಾಯಿಯ ಒಳ ಅಂಚಿಗಷ್ಟೇ ಸವರಿ. ಎಕ್ಸ್‌ಪ್ಯಾಂಡರ್ ತಾನೇ ಅದನ್ನು ಒಳಗೆಲ್ಲ ಎಳೆದುಕೊಂಡು ಹೋಗುತ್ತದೆ. ಪ್ರತಿ ಕೇಸಿಗೂ ಬೇಕಾಗುವುದಿಲ್ಲ, ಮೂರು ನಾಲ್ಕಕ್ಕೊಮ್ಮೆ ಸಾಕು ಅನ್ನುವವರಿದ್ದಾರೆ. ನನಗೆ ಅದು ಒಪ್ಪಿಗೆಯಲ್ಲ. ಹಚ್ಚಿದ ಕೇಸಿನಲ್ಲಿ ಒಂದು ಬಿಗಿ, ಹಚ್ಚದ ಕೇಸಿನಲ್ಲಿ ಇನ್ನೊಂದು ಬಿಗಿ ಆದರೆ ಇಷ್ಟೆಲ್ಲ ಶ್ರಮ ಪಟ್ಟಿದ್ದು ಯಾಕೆ?

ಲ್ಯಾನೋಲಿನ್ ಸ್ಪ್ರೇಗೆ ಕೇಸುಗಳನ್ನು ಬಾಯಿ ಮೇಲಾಗಿ ಲೋಡಿಂಗ್ ಬ್ಲಾಕಿನಲ್ಲಿ (ತೂತುಗಳಿರುವ ಹಲಗೆಯಲ್ಲಿ) ನಿಲ್ಲಿಸಿ. ಮೇಲಿನಿಂದ ಓರೆಯಾಗಿ, ನಾಲ್ಕೂ ಪಕ್ಕದಿಂದ ಒಂದೊಂದು ಸಲ ಹೊಡೆಯಿರಿ. ಓರೆಯಾಗಿ ಹೊಡೆದರೆ ಮಾತ್ರ ಕತ್ತಿನ ಒಳಗೋಡೆಗೆ ಬೀಳುತ್ತದೆ, ನೇರ ಮೇಲಿನಿಂದ ಹೊಡೆದರೆ ತಳಕ್ಕೆ ಹೋಗುತ್ತದೆ. ಐದು ಹತ್ತು ನಿಮಿಷ ಆರಲು ಬಿಡಿ. ಮುಟ್ಟಿದರೆ ಒದ್ದೆ ಅನ್ನಿಸಬಾರದು, ತುಸು ಅಂಟಂಟು ಇರಬೇಕು. ಹೊರಗಡೆ ಜಾಸ್ತಿ ಆದರೂ ತೊಂದರೆ. ಡೈ ಒಳಗೆ ಅದಕ್ಕೆ ಹೋಗಲು ಜಾಗವಿಲ್ಲದೆ ಭುಜದ ಮೇಲೆ ತಗ್ಗು ಬೀಳಿಸುತ್ತದೆ.

ಹಂತ 5: ಪರೀಕ್ಷೆ

ಲೂಬ್ ಸಾಲುತ್ತಿದೆಯೇ ಅಂತ ಊಹಿಸಬೇಕಿಲ್ಲ, ಅಳೆಯಬಹುದು. ಬಾಲ್ ಇರುವ ಡೈ ಬಳಸುವವರಿಗೆ ಈ ಪರೀಕ್ಷೆ ತುಂಬಾ ಉಪಯೋಗ. ಒಂದೇ ಬ್ಯಾಚಿನ ಕೆಲವು ಕೇಸು ತೆಗೆದುಕೊಳ್ಳಿ. ಡೈನಿಂದ ಬಾಲ್ ಬಿಚ್ಚಿಟ್ಟು ಸೈಜ್ ಮಾಡಿ, ಕಂಪ್ಯಾರೇಟರ್ (ಭುಜದ ಅಳತೆ ತೆಗೆಯಲು ಕ್ಯಾಲಿಪರ್‌ಗೆ ಸಿಕ್ಕಿಸುವ ತುಂಡು) ಹಾಕಿ ಬುಡದಿಂದ ಭುಜದವರೆಗಿನ ಅಳತೆ ಬರೆದುಕೊಳ್ಳಿ. ಬಾಲ್ ಮತ್ತೆ ಕೂರಿಸಿ, ಕತ್ತಿನೊಳಗೆ ನೀವು ಆರಿಸಿದ ಲೂಬ್ ಹಚ್ಚಿ, ಅವೇ ಕೇಸುಗಳನ್ನು ಮತ್ತೆ ಒಳಕ್ಕೆ ಬಿಟ್ಟು ಎಳೆಯಿರಿ. ಭುಜದ ಅಳತೆ ಅಷ್ಟೇ ಇದ್ದರೆ ಲೂಬ್ ಸರಿಯಿದೆ. ಒಂದೆರಡು ಥೌ ಬೆಳೆದಿದ್ದರೆ ಬಾಲ್ ಭುಜವನ್ನು ಎಳೆಯುತ್ತಿದೆ ಅಂತ ಅರ್ಥ. ಆಗ ಡೈಯನ್ನು ಇನ್ನಷ್ಟು ಕೆಳಗೆ ತಿರುಗಿಸುವುದು ಪರಿಹಾರವಲ್ಲ. ಲೂಬ್ ಬದಲಿಸಿ, ಇಲ್ಲವೇ ಬಾಲ್ ತೆಗೆದು ಮ್ಯಾಂಡ್ರೆಲ್‌ಗೆ ಹೋಗಿ.

ಮ್ಯಾಂಡ್ರೆಲ್ ಬಳಸುವವರು ಮ್ಯಾಂಡ್ರೆಲನ್ನೇ ನೋಡಬೇಕು. ಹಳದಿ ಗೆರೆಗಳು ಕಂಡರೆ ಹಿತ್ತಾಳೆ ಮೆತ್ತುತ್ತಿದೆ. ಕತ್ತಿನೊಳಗೆ ಉದ್ದುದ್ದ ಗೀರು ಇದೆಯೇ ಟಾರ್ಚ್ ಹಾಕಿ ನೋಡಿ. ಕೀಚ್ ಸದ್ದು ಒಂದೇ ಸಲ ಬಂದರೂ ನಿಲ್ಲಿಸಿ ಒರೆಸಿ. ಒಳಅಳತೆಗೆ ಪಿನ್ ಗೇಜ್ (ನಿಖರ ಅಳತೆಯ ಉಕ್ಕಿನ ಕಡ್ಡಿ) ಇದ್ದರೆ ಒಳ್ಳೆಯದು, ಕ್ಯಾಲಿಪರ್‌ನ ಒಳದವಡೆ ಈ ಸಣ್ಣ ಬಾಯಿಯಲ್ಲಿ ಸರಿಯಾದ ಅಳತೆ ಕೊಡುವುದಿಲ್ಲ.

ಕೊನೆಗೆ ಗುಂಡು ಕೂರಿಸುವಾಗ ಕೈಗೆ ಬರುವ ಅನುಭವ. ಎಲ್ಲ ಗುಂಡೂ ಒಂದೇ ಒತ್ತಡಕ್ಕೆ ಕೂರುತ್ತಿದ್ದರೆ ನಿಮ್ಮ ಲೂಬ್ ಆಯ್ಕೆ ಸರಿ. ಅಲ್ಲೊಂದು ಇಲ್ಲೊಂದು ಬಿಗಿಯಾದರೆ ಅವನ್ನು ಬೇರೆ ಇಟ್ಟು, ಅಭ್ಯಾಸಕ್ಕೆ ಬಳಸಿ. ಲೂಬ್ ಸರಿಯಿದ್ದೂ ಹೀಗಾಗುತ್ತಿದ್ದರೆ ಕತ್ತು ಗಟ್ಟಿಯಾಗಿದೆ, ಅನೀಲ್ ಮಾಡುವ ಕಾಲ ಬಂದಿದೆ. ಅದನ್ನು ಯಾವ ಲೂಬೂ ಸರಿಮಾಡಲಾರದು.

ಹಂತ 6: ಏನು ಉಳಿಸಬೇಕು, ಏನು ತೆಗೆಯಬೇಕು

ಒಣ ಪುಡಿ ಒಳಗೆ ಉಳಿಯಲಿ, ಹೊರಗೆ ತಾಗಿದ್ದನ್ನು ಬಟ್ಟೆಯಲ್ಲಿ ಒರೆಸಿ. ಮೇಣ, ಲ್ಯಾನೋಲಿನ್, ಬೇರೆ ಯಾವುದೇ ಜಿಡ್ಡು ಒಳಗಿಂದಲೂ ಹೊರಗಿಂದಲೂ ಪೂರ್ತಿ ಹೋಗಬೇಕು. ಇದರಲ್ಲಿ ರಿಯಾಯಿತಿ ಇಲ್ಲ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಇದಕ್ಕೆ ಇತಿಹಾಸವೇ ಇದೆ. 1921ರಲ್ಲಿ ಓಹಿಯೋದ ಕ್ಯಾಂಪ್ ಪೆರ್ರಿಯ ರಾಷ್ಟ್ರೀಯ ಗುರಿ ಪಂದ್ಯಕ್ಕೆ ಅಮೆರಿಕ ಸೈನ್ಯದ ತೋಟಾ ಕಾರ್ಖಾನೆ ಫ್ರಾಂಕ್‌ಫರ್ಡ್ ಆರ್ಸೆನಲ್ ತವರದ ಲೇಪ ಇರುವ ಗುಂಡುಗಳ .30-06 ತೋಟಾ ಮಾಡಿಕೊಟ್ಟಿತು. ಆಗಿನ ಗುಂಡುಗಳ ಲೋಹ ನಳಿಗೆಯಲ್ಲಿ ಮೆತ್ತಿಕೊಳ್ಳುತ್ತಿತ್ತು, ಅದನ್ನು ತಪ್ಪಿಸುವುದು ಉದ್ದೇಶ. ಆದರೆ ತವರ ಕೇಸಿನ ಕತ್ತಿಗೆ ಬೆಸುಗೆಯಂತೆ ಅಂಟಿಕೊಂಡಿತು. ಅದರ ಮೇಲೆ, ಗುಂಡಿಗೆ ಗ್ರೀಸ್ ಅದ್ದುವ ಹಳೆಯ ರೂಢಿಯನ್ನು ಕೆಲವರು ಬಿಡಲಿಲ್ಲ. ಗ್ರೀಸ್ ಕತ್ತಿಗೂ ಚೇಂಬರ್‌ಗೂ ನಡುವಿನ ಜಾಗ ತುಂಬಿತು. ಕತ್ತು ಹಿಗ್ಗಿ ಗುಂಡನ್ನು ಬಿಡಲು ಜಾಗವೇ ಇಲ್ಲದೆ ಒತ್ತಡ ಅಪಾಯದ ಮಟ್ಟಕ್ಕೆ ಏರಿತು, ರೈಫಲ್‌ಗಳು ಕೆಟ್ಟವು. ಕತ್ತಿನ ಸುತ್ತ ಏನಿದೆ ಅನ್ನುವುದು ಬರೀ ಗುರಿಯ ಪ್ರಶ್ನೆಯಲ್ಲ.

ಕೇಸಿನ ಹೊರಮೈಯಲ್ಲಿ ಜಿಡ್ಡು ಉಳಿದರೆ ಇನ್ನೊಂದು ತೊಂದರೆ. ಹಾರುವ ಗಳಿಗೆಯಲ್ಲಿ ಕೇಸು ಚೇಂಬರ್ ಗೋಡೆಯನ್ನು ಹಿಡಿದುಕೊಂಡು ಒಂದಿಷ್ಟು ಬಲವನ್ನು ತಡೆಯುತ್ತದೆ. ಜಿಡ್ಡಿದ್ದರೆ ಜಾರಿ, ಆ ಬಲವೆಲ್ಲ ಬೋಲ್ಟ್ ಮೇಲೆ ಬೀಳುತ್ತದೆ.

ತೆಗೆಯುವುದು ಸುಲಭ. ಬಿಸಿ ನೀರು, ಪಾತ್ರೆ ತೊಳೆಯುವ ಸೋಪು ಹಾಕಿ ಅಲುಗಾಡಿಸಿ, ಎರಡು ಸಲ ಒಳ್ಳೆಯ ನೀರಿನಲ್ಲಿ ಜಾಲಾಡಿ, ಪೂರ್ತಿ ಒಣಗಿಸಿ. ಒಳಗೆ ಒಂದು ಹನಿ ನೀರೂ ಉಳಿಯಬಾರದು. ಇಲ್ಲವೇ ಜೋಳದ ದಿಂಡಿನ ಪುಡಿಯಲ್ಲಿ ಇಪ್ಪತ್ತು ಮೂವತ್ತು ನಿಮಿಷ ಟಂಬ್ಲಿಂಗ್ ಮಾಡಿ. ಹಾಗೆ ಮಾಡಿದರೆ ಪ್ರೈಮರ್ ಕೂರಿಸುವ ಮೊದಲು ಪ್ರತಿ ಕೇಸಿನ ಬುಡದ ತೂತನ್ನು ನೋಡಿ, ಪುಡಿಯ ಕಾಳು ಅಲ್ಲಿ ಸಿಕ್ಕಿಕೊಂಡಿರುತ್ತದೆ.

ಹೀಗೆ ಸೋಪು ನೀರಿನಲ್ಲಿ ತೊಳೆದ ಮೇಲೆ ಕತ್ತು ಮತ್ತೆ ಬೋಳಾಯಿತಲ್ವಾ? ಅದಕ್ಕೇ ಹೊರಮೈ ಸೈಜಿಂಗನ್ನು ಮೇಣ ಅಥವಾ ಲ್ಯಾನೋಲಿನ್ ಹಾಕಿ ಮೊದಲು ಮುಗಿಸಿ, ತೊಳೆದು ಒಣಗಿಸಿ, ಉದ್ದ ಸರಿಮಾಡಿ, ಆಮೇಲೆ ಗ್ರಾಫೈಟ್ ಅದ್ದಿ ಮ್ಯಾಂಡ್ರೆಲ್ ಹಾಕುವ ಕ್ರಮ ನನಗೆ ಇಷ್ಟ. ಮ್ಯಾಂಡ್ರೆಲ್ ಕೊನೆಯ ಕೆಲಸವಾದ್ದರಿಂದ ಟಂಬ್ಲರ್‌ನಲ್ಲಿ ಬಾಯಿಗೆ ಬಿದ್ದ ಸಣ್ಣಪುಟ್ಟ ಪೆಟ್ಟೂ ಸರಿಯಾಗುತ್ತದೆ, ಗುಂಡು ಕೂರಿಸಲು ಬೇಕಾದ ಪದರವೂ ಒಳಗೆ ಸಿದ್ಧವಾಗಿರುತ್ತದೆ.

ಮ್ಯಾಂಡ್ರೆಲನ್ನು ಎತ್ತಿಡುವ ಮೊದಲು ಆಲ್ಕೋಹಾಲ್ ಹಾಕಿದ ಬಟ್ಟೆಯಲ್ಲಿ ಒರೆಸಿ. ಹಿತ್ತಾಳೆ ಮೆತ್ತಿದ್ದರೆ ತುಂಬಾ ನಯವಾದ ಸ್ಟೀಲ್ ವುಲ್‌ನಲ್ಲಿ ಹಗುರಾಗಿ ಉಜ್ಜಿ ತೆಗೆಯಿರಿ, ಉಪ್ಪುಕಾಗದ ಬೇಡ, ಅಳತೆ ಹೋಗುತ್ತದೆ. ತುಕ್ಕು ಹಿಡಿಯದಂತೆ ಒಂದು ಹನಿ ಎಣ್ಣೆ ಸವರಿ ಇಡಬಹುದು, ಮುಂದಿನ ಸಲ ಕೆಲಸ ಶುರು ಮಾಡುವಾಗ ಆ ಎಣ್ಣೆಯನ್ನು ಒರೆಸಿಕೊಳ್ಳಿ.